ಪ್ರಸಂಗಪೀಠದಲ್ಲಿ ನ್ಯಾಯದ ಮಾತು ಬಂದರೆ ಸಭೆ ಒಡೆಯುತ್ತದೆಯೇ?

ಹಿಂದಿನ ಬೆಂಚು:

ಎಲ್ಲರಿಗೂ ವಂದನೆ. ಇದನ್ನು ಮೂರು ಸಲ ಬರೆದು ಮೂರು ಸಲವೂ ಅಳಿಸಿದ್ದೇನೆ. ಈ ಸಲ ತಿರುಗಿ ಓದದೆ ಕಳಿಸಿಬಿಡುತ್ತೇನೆ.

ನಾನು ಹೋಗುವ ಕ್ರೈಸ್ತ ಸಭೆ ದೊಡ್ಡದೇನಲ್ಲ. ಸಮಿತಿಯ ಕಾರ್ಯದರ್ಶಿ ಕೆಲಸ ಹಲವು ವರ್ಷಗಳಿಂದ ನನ್ನ ತಲೆಗೇ ಬಿದ್ದಿದೆ. ಸೆಮಿನರಿ ಮುಗಿಸಿ ಬಂದ ತರುಣರೊಬ್ಬರು ಬೈಬಲಿನ ಪ್ರವಾದಿ ಆಮೋಸನ ಪುಸ್ತಕ ಹಿಡಿದು ನಾಲ್ಕು ಭಾನುವಾರ ಪ್ರಸಂಗ ಮಾಡಿದರು. ಮೊದಲೆರಡು ವಾರ ಎಲ್ಲರೂ ತಲೆದೂಗಿದರು. ಮೂರನೆಯ ವಾರ ಕೂಲಿ, ಸಾಲ, ಮನೆಗೆಲಸದವರು, ವಲಸೆ ಬಂದವರು ಅಂತ ಹೆಸರಿಟ್ಟು ಹೇಳತೊಡಗಿದಾಗ ಬೆಂಚುಗಳಲ್ಲಿ ಗುಸುಗುಸು ಶುರುವಾಯಿತು. ನಾಲ್ಕನೆಯ ವಾರ ಎರಡು ಮನೆಯವರು ಪ್ರಸಂಗದ ನಡುವೆಯೇ ಎದ್ದು ಹೋದರು. ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಆ ತರುಣರನ್ನು ಇಂಥ ಪಕ್ಷದವರು ಅಂದರು. ಅವರ ಪರ ಮಾತಾಡಿದವರ ಮೇಲೆ ಇನ್ನೊಬ್ಬರು ಹರಿಹಾಯ್ದರು. ಅದಾದ ಮೇಲೆ ಆ ಗುಂಪಿನಲ್ಲಿ ಬರೀ ಹುಟ್ಟುಹಬ್ಬದ ಶುಭಾಶಯ.

ಸಮಿತಿ ಕೂಡಿತು. 'ಸಭೆಯ ಐಕ್ಯ' ಅನ್ನುವ ಮಾತು ಆ ಸಂಜೆ ಎಷ್ಟು ಸಲ ಬಂತೋ ಲೆಕ್ಕವಿಲ್ಲ. ಇನ್ನು ಮುಂದೆ ಆತ್ಮಿಕ ವಿಷಯಗಳನ್ನಷ್ಟೇ ಬೋಧಿಸಬೇಕೆಂದು ಅವರಿಗೆ ತಿಳಿಸುವ ನಿರ್ಣಯವಾಯಿತು. ಅದನ್ನು ಬರೆದವನು ನಾನೇ. ಅವರು ಜಗಳಕ್ಕೆ ಬರಲಿಲ್ಲ. ಎರಡು ತಿಂಗಳಲ್ಲಿ ಬೇರೆ ಕಡೆ ಹೋದರು.

ತನ್ನವರೆಲ್ಲ ಒಂದಾಗಿರಲಿ ಎಂದು ಯೇಸು ಪ್ರಾರ್ಥಿಸಿದ್ದು ಯೋಹಾನ 17ರಲ್ಲಿದೆ. ನ್ಯಾಯವನ್ನು ಹುಡುಕಿರಿ ಅನ್ನುವುದು ಯೆಶಾಯ 1ರಲ್ಲಿದೆ. ಎರಡೂ ಒಟ್ಟಿಗೆ ಆಗದ ಹೊತ್ತು ಬಂದರೆ ಯಾವುದು ಮೊದಲು? ತಿಳಿದವರು ಹೇಳಿ.

ಮೂಲಭಾಷೆ:

ಮೊದಲೆರಡು ವಾರ ತಲೆದೂಗಿದರು ಅಂದಿರಲ್ಲ ಸರ್, ಅದರ ಗುಟ್ಟು ಆಮೋಸನ ಪುಸ್ತಕದಲ್ಲೇ ಇದೆ. ಮೊದಲ ಎರಡು ಅಧ್ಯಾಯ ತೆಗೆದು ನೋಡಿ. ಅವನು ದಮಸ್ಕದಿಂದ ಶುರುಮಾಡುತ್ತಾನೆ. ಆಮೇಲೆ ಗಾಜಾ, ತೂರ್, ಎದೋಮ್, ಅಮ್ಮೋನ್, ಮೋವಾಬ್. ಎಲ್ಲ ಅಕ್ಕಪಕ್ಕದವರು, ಹಲವರು ಶತ್ರುಗಳು. ಕೇಳುತ್ತಿದ್ದ ಇಸ್ರಾಯೇಲ್ಯರು ಒಂದೊಂದಕ್ಕೂ 'ಹಾಗೇ ಆಗಬೇಕು ಅವರಿಗೆ' ಅಂದುಕೊಂಡಿರಬೇಕು. ಏಳನೆಯದಾಗಿ ಯೆಹೂದದ ಹೆಸರು ಬರುತ್ತದೆ. ಎಂಟನೆಯದು ಅವರದೇ ಹೆಸರು. ಅದೇ ಎಲ್ಲಕ್ಕಿಂತ ಉದ್ದ. ಬಡವನನ್ನು ಒಂದು ಜೊತೆ ಕೆರಕ್ಕೆ ಮಾರುತ್ತೀರಿ ಅನ್ನುವುದು ಅಲ್ಲೇ. ನಿಮ್ಮ ತರುಣರು ಪುಸ್ತಕದ ಕ್ರಮವನ್ನೇ ಹಿಡಿದಿದ್ದಾರೆ, ನಿಮ್ಮ ಸಭೆಯೂ ಆಮೋಸ ಬೋಧಿಸಿದ ಬೇತೇಲಿನ ಕ್ರಮವನ್ನೇ ಹಿಡಿದಿದೆ.

ಬೇತೇಲಿನಲ್ಲಿ ಏನಾಯಿತು ಅನ್ನುವುದು 7ನೆಯ ಅಧ್ಯಾಯದಲ್ಲಿದೆ. ಯಾಜಕ ಅಮಚ್ಯ ಬಂದು, 'ನಿನ್ನ ನಾಡಿಗೆ ಹೋಗಿ ಅಲ್ಲಿ ಪ್ರವಾದಿಸಿಕೋ, ಇದು ರಾಜನ ಆಲಯ' ಅನ್ನುತ್ತಾನೆ. ಆಮೋಸ ಹೇಳಿದ್ದು ಸುಳ್ಳು ಅಂತ ಅಮಚ್ಯ ಎಲ್ಲೂ ಅನ್ನುವುದಿಲ್ಲ, ಗಮನಿಸಿ. ಅವನ ತಕರಾರು ಜಾಗದ್ದು.

ಇನ್ನೊಂದು ಮಾತು. ಗ್ರೀಕಿನ 'ದಿಕಾಯೊಸುನೆ' ಒಂದೇ ಪದ. ದೇವರ ಮುಂದೆ ನೆಟ್ಟಗಿರುವುದೂ ಅದೇ, ಜನರ ನಡುವೆ ನ್ಯಾಯವಾಗಿರುವುದೂ ಅದೇ. ನಮ್ಮ ಬೈಬಲಿನಲ್ಲಿ ಅದು 'ನೀತಿ' ಆಯಿತು. 'ನೀತಿಗೆ ಹಸಿದು ಬಾಯಾರಿದವರು' ಅಂತ ಓದುವಾಗ ನಮ್ಮ ಕಣ್ಣ ಮುಂದೆ ಬರುವುದು ಒಬ್ಬ ಸಭ್ಯ ಮನುಷ್ಯ. ಕೂಲಿ ಸಿಗದವನು ಬರುವುದಿಲ್ಲ. ಅನುವಾದ ತಪ್ಪೆಂದು ಹೇಳುತ್ತಿಲ್ಲ, ಕನ್ನಡದಲ್ಲಿ ಎರಡನ್ನೂ ಹೊರುವ ಒಂದೇ ಪದ ಹುಡುಕಿ ನಾನೂ ಸೋತಿದ್ದೇನೆ. ಆದರೆ 'ಆತ್ಮಿಕ ವಿಷಯ' ಮತ್ತು 'ಸಾಮಾಜಿಕ ವಿಷಯ' ಅಂತ ನಿಮ್ಮ ಸಮಿತಿ ಎಳೆದ ಗೆರೆ ಮೂಲದಲ್ಲಿ ಇಲ್ಲ.

ಸರಳ ಸುವಾರ್ತೆ:

ಬ್ರದರ್, ನೀವು ಮಾಡಿದ್ದು ಸರಿ ಅಂತ ಹೇಳುವವನು ಇಲ್ಲಿ ನಾನೊಬ್ಬನೇ ಇರಬಹುದು. ಆದರೂ ಹೇಳುತ್ತೇನೆ.

ಪ್ರಸಂಗಪೀಠ ವಿಚಿತ್ರ ಜಾಗ. ಅಲ್ಲಿ ನಿಂತವನಿಗೆ ಯಾರೂ ತಿರುಗಿ ಉತ್ತರ ಕೊಡುವ ಹಾಗಿಲ್ಲ. ದೇವರ ವಾಕ್ಯ ಅಂತ ಹೇಳಿ ಕೂಲಿ ಎಷ್ಟಿರಬೇಕು, ಗಡಿ ತೆರೆಯಬೇಕೋ ಮುಚ್ಚಬೇಕೋ ಅಂತ ಹೇಳಿದರೆ, ಕೇಳುವವನು ಆ ಅಭಿಪ್ರಾಯವನ್ನು ಒಪ್ಪದಿದ್ದರೆ ದೇವರನ್ನೇ ಒಪ್ಪದ ಹಾಗಾಯಿತು. ಇದು ನ್ಯಾಯವೇ? ನನ್ನ ರಾಜ್ಯವು ಈ ಲೋಕದ್ದಲ್ಲ ಅಂತ ಪಿಲಾತನ ಮುಂದೆ ಹೇಳಿದವರು ಯಾರು?

ನಾನು ಬಡವರ ವಿರೋಧಿಯಲ್ಲ. ವಾರದಲ್ಲಿ ಎರಡು ದಿನ ಆಸ್ಪತ್ರೆ ಸೇವೆಗೆ ಹೋಗುತ್ತೇನೆ. ಆದರೆ ಎಲ್ಲರೂ ಪಾಪಮಾಡಿದ್ದಾರೆ ಅನ್ನುವುದು ರೋಮಾಪುರದವರಿಗೆ ಬರೆದ ಪತ್ರ. ನ್ಯಾಯದ ಪ್ರಸಂಗಗಳಲ್ಲಿ ಸಭೆ ಎರಡಾಗುತ್ತದೆ, ಪಾಪಿಗಳು ಒಂದು ಕಡೆ, ಪಾಪಕ್ಕೆ ತುತ್ತಾದವರು ಇನ್ನೊಂದು ಕಡೆ. ಶಿಲುಬೆ ಯಾರಿಗೂ ಬೇಡವಾಗುತ್ತದೆ. ಬಡವರ ಬಿಡುಗಡೆಯನ್ನು ಮುಖ್ಯ ಮಾಡುವ ವಿಮೋಚನಾ ದೈವಶಾಸ್ತ್ರದ ಕೆಲವು ಧಾರೆಗಳ ಬಗ್ಗೆ 1984ರಲ್ಲಿ ವ್ಯಾಟಿಕನ್ನೇ ಎಚ್ಚರಿಸಿತು, ಮಾರ್ಕ್ಸ್‌ವಾದದ ವರ್ಗಸಂಘರ್ಷವನ್ನು ಸುವಾರ್ತೆಯೊಳಗೆ ತುರುಕಬೇಡಿ ಅಂತ. ನಾನು ಕಥೋಲಿಕನಲ್ಲ, ಆದರೂ ಆ ಎಚ್ಚರಿಕೆ ನನಗೆ ಸರಿ ಕಾಣುತ್ತದೆ.

ಕಡತ:

ಹಿಂದಿನ ಬೆಂಚು ಅವರೇ, ಐಕ್ಯ ಮೊದಲೋ ನ್ಯಾಯ ಮೊದಲೋ ಅನ್ನುವ ಪ್ರಶ್ನೆಯನ್ನು ಒಂದು ಸಭೆ ನಿರ್ಣಯವಾಗಿಯೇ ಬರೆದಿಟ್ಟಿದೆ. ಕಥೆ ಉದ್ದವಿದೆ, ಸಹಿಸಿಕೊಳ್ಳಿ.

ದಕ್ಷಿಣ ಆಫ್ರಿಕಾದ ಡಚ್ ರಿಫಾರ್ಮ್ಡ್ ಸಭೆ. 1829ರಲ್ಲಿ ಅದರ ಆಡಳಿತ ಮಂಡಳಿಯಾದ ಸಿನಡ್‌ ಮುಂದೆ ಒಂದು ಪ್ರಶ್ನೆ ಬಂತು: ಬಿಳಿಯರಲ್ಲದ ಸದಸ್ಯರು ಕರ್ತನ ಮೇಜಿಗೆ, ಅಂದರೆ ರೊಟ್ಟಿ ದ್ರಾಕ್ಷಾರಸದ ಕರ್ತನ ಭೋಜನಕ್ಕೆ, ಬಿಳಿಯರ ಜೊತೆಯಲ್ಲೇ ಬರಬಹುದೇ? ಬಣ್ಣ, ಮೂಲ ಯಾವುದನ್ನೂ ನೋಡದೆ ಎಲ್ಲರಿಗೂ ಒಟ್ಟಿಗೇ ಕೊಡಬೇಕು ಅಂತ ಸಿನಡ್ ಹೇಳಿತು. ಅದು ದೇವರ ವಾಕ್ಯದ ಮೇಲೆ ನಿಂತ, ಅಲುಗಾಡದ ತತ್ವ ಅಂತ ಒಪ್ಪಿಕೊಂಡಿತು. ಎಷ್ಟು ಚೆನ್ನಾಗಿದೆ ಅಲ್ಲವೇ.

28 ವರ್ಷದ ಮೇಲೆ, 1857ರಲ್ಲಿ, ಅದೇ ಸಿನಡ್ ಇನ್ನೊಂದು ನಿರ್ಣಯ ಮಾಡಿತು. ಹೊಸದಾಗಿ ನಂಬಿದವರನ್ನು ಇರುವ ಸಭೆಗಳಲ್ಲೇ ಸೇರಿಸಿಕೊಳ್ಳುವುದು ಅಪೇಕ್ಷಣೀಯ, ಶಾಸ್ತ್ರಸಮ್ಮತ. ಆದರೆ ಕೆಲವರ ಬಲಹೀನತೆಯಿಂದ ಇದು ಕ್ರಿಸ್ತನ ಕೆಲಸಕ್ಕೆ ಅಡ್ಡಿಯಾಗುವ ಕಡೆ ಅವರು ಬೇರೆ ಕಟ್ಟಡದಲ್ಲಿ ಆರಾಧಿಸಲಿ. ಸಾರಾಂಶ ಇಷ್ಟು. ಯಾರನ್ನೂ ಕೀಳು ಅನ್ನಲಿಲ್ಲ. ಶಾಸ್ತ್ರ ಏನು ಹೇಳುತ್ತದೆ ಅನ್ನುವುದನ್ನೂ ಮರೆಮಾಚಲಿಲ್ಲ. ಸಹಿಸಲಾಗದವರು ಒಂದಿಷ್ಟು ಜನ ಇದ್ದಾರೆ, ಅವರನ್ನು ಕಳೆದುಕೊಳ್ಳುವುದು ಬೇಡ ಅಂದಿತು, ಅಷ್ಟೇ.

ಆ 'ಅಷ್ಟೇ' ಎಲ್ಲಿಗೆ ಹೋಯಿತು ನೋಡಿ. 1881ರಲ್ಲಿ ಮಿಶ್ರ ಜನಾಂಗದವರಿಗೆ ಬೇರೆಯದೇ ಮಿಷನ್ ಸಭೆ. ಆಮೇಲೆ ಕಪ್ಪು ಜನರಿಗೆ ಬೇರೆ, ಭಾರತೀಯ ಮೂಲದವರಿಗೆ ಬೇರೆ. ರಿಯಾಯಿತಿಯಾಗಿ ಶುರುವಾದದ್ದು ರೂಢಿಯಾಯಿತು. ರೂಢಿಗೆ ಆಧಾರ ಬೇಕಲ್ಲ, ಬಾಬೆಲಿನ ಗೋಪುರದ ಕಥೆಯಲ್ಲಿ ಅದನ್ನು ಹುಡುಕಿಕೊಂಡರು: ದೇವರೇ ಜನಾಂಗಗಳನ್ನು ಬೇರೆ ಮಾಡಿದ್ದಾನೆ ಅಂತ. 1948ರಲ್ಲಿ ವರ್ಣಭೇದವನ್ನು ನೀತಿಯಾಗಿ ತಂದ ಸರ್ಕಾರದ ಪ್ರಧಾನಿ ಡಿ. ಎಫ್. ಮಲಾನ್ ಅದೇ ಸಭೆಯಲ್ಲಿ ಪಾಲಕರಾಗಿದ್ದವರು.

1982ರಲ್ಲಿ ಜಗತ್ತಿನ ರಿಫಾರ್ಮ್ಡ್ ಸಭೆಗಳ ಒಕ್ಕೂಟ ಒಟ್ಟಾವಾದಲ್ಲಿ ಕೂಡಿದಾಗ ದಕ್ಷಿಣ ಆಫ್ರಿಕಾದ ಕೆಲವು ಪ್ರತಿನಿಧಿಗಳು ಕರ್ತನ ಭೋಜನ ತೆಗೆದುಕೊಳ್ಳಲು ಒಪ್ಪಲಿಲ್ಲ. ನಮ್ಮ ದೇಶದಲ್ಲಿ ನಮ್ಮನ್ನು ಮೇಜಿಗೆ ಬಿಡದವರ ಜೊತೆ ಇಲ್ಲಿ ಮಾತ್ರ ಹೇಗೆ ಕೂರುವುದು ಅಂದರು. ಆ ಸಮ್ಮೇಳನ ವರ್ಣಭೇದವನ್ನು ದೈವಶಾಸ್ತ್ರದಿಂದ ಸಮರ್ಥಿಸುವುದು ಪಾಷಂಡಮತ ಎಂದು ಸಾರಿತು, ಎರಡು ಬಿಳಿಯರ ಸಭೆಗಳನ್ನು ಅಮಾನತು ಮಾಡಿತು. ಅದೇ ವರ್ಷ ಮಿಷನ್ ಸಭೆ ಬೆಲ್ಹಾರ್‌ನಲ್ಲಿ ವಿಶ್ವಾಸಪ್ರಮಾಣದ ಕರಡು ಬರೆಯಿತು, 1986ರಲ್ಲಿ ಅಂಗೀಕರಿಸಿತು. ಅದರಲ್ಲಿ ಐಕ್ಯ, ಸಂಧಾನ, ನ್ಯಾಯ ಮೂರೂ ಒಂದೇ ಉಸಿರಿನಲ್ಲಿವೆ. ಯಾವುದು ಮೊದಲು ಅಂತ ನೀವು ಕೇಳಿದ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ.

ಒಡೆದದ್ದು ಇಂದಿಗೂ ಪೂರ್ತಿ ಕೂಡಿಲ್ಲ.

ಚುಟುಕು:

ಇಷ್ಟುದ್ದ ಓದುವುದಕ್ಕೆ ಒಂದು ಉಪವಾಸ ಪ್ರಾರ್ಥನೆ ಇಟ್ಟುಕೊಳ್ಳಬೇಕು ಕಡತ ಸರ್. ಆದರೆ ಓದಿದೆ. ಎರಡು ಸಲ.

ಸರಳ ಸುವಾರ್ತೆ:

ಕಡತ ಅವರು ನನ್ನ ವಾದವನ್ನೇ ಗಟ್ಟಿ ಮಾಡಿಕೊಟ್ಟರು, ಧನ್ಯವಾದ. ಆ ಸಭೆ ಕೆಟ್ಟದ್ದು ಯಾಕೆ? ಜನಾಂಗ, ನಾಡು, ಪಕ್ಷ ಎಲ್ಲವನ್ನೂ ಸುವಾರ್ತೆಗೆ ಬೆರೆಸಿದ್ದರಿಂದ. ಸಭಾಪಾಲಕ ಪ್ರಧಾನಿಯಾದದ್ದು ನನ್ನ ಕಡೆಯ ಸಾಕ್ಷಿ! 1934ರಲ್ಲಿ ಜರ್ಮನಿಯ ಬಾರ್ಮೆನ್‌ನಲ್ಲಿ ದೈವಶಾಸ್ತ್ರಜ್ಞ ಕಾರ್ಲ್ ಬಾರ್ತ್ ಮತ್ತು ಜೊತೆಯವರು ಮಾಡಿದ ಘೋಷಣೆ ಏನು ಹೇಳಿತು? ಸಭೆ ಕೇಳಬೇಕಾದ ದೇವರ ವಾಕ್ಯ ಒಂದೇ, ಅದು ಯೇಸು ಕ್ರಿಸ್ತ. ಅದರ ಪಕ್ಕದಲ್ಲಿ ಬೇರೆ ಯಾವ ಶಕ್ತಿಯನ್ನೂ ಘಟನೆಯನ್ನೂ ದೇವರ ಪ್ರಕಟನೆ ಅಂತ ಇಡಬಾರದು. ಹಿಟ್ಲರನ ಹೊಗಳುಭಟರಾಗಿದ್ದ 'ಜರ್ಮನ್ ಕ್ರೈಸ್ತರು' ಅನ್ನುವ ಗುಂಪಿಗೆ ಅದು ಪೆಟ್ಟು. ಎಡಕ್ಕೂ ಅದೇ, ಬಲಕ್ಕೂ ಅದೇ.

ಕಡತ:

ಒಳ್ಳೆಯ ಪೆಟ್ಟು, ಒಪ್ಪಿದೆ. ಬೆರೆಸಬಾರದ್ದನ್ನು ಬೆರೆಸಿದರು. ಆದರೆ 1857ರಲ್ಲಿ ಯಾರೂ ಏನನ್ನೂ ಬೆರೆಸಲಿಲ್ಲ ಸರ್. ಸುಮ್ಮನೆ ಬಿಟ್ಟುಕೊಟ್ಟರು. ಬೆರಕೆ ಆ ಖಾಲಿ ಜಾಗಕ್ಕೆ ಆಮೇಲೆ ಬಂದು ಕೂತಿತು.

ಬಾರ್ಮೆನ್ ಬಗ್ಗೆಯೂ ಒಂದು ಮಾತು ಸೇರಿಸಬೇಕು. ಅದರ ಆರು ಪ್ರಬಂಧಗಳಲ್ಲಿ ಯೆಹೂದ್ಯರ ಪ್ರಸ್ತಾಪ ಒಂದೇ ಒಂದು ಸಾಲಿನಲ್ಲೂ ಇಲ್ಲ. ಅಷ್ಟು ಹೊತ್ತಿಗಾಗಲೇ ಅವರನ್ನು ಸರ್ಕಾರಿ ಕೆಲಸಗಳಿಂದ ತೆಗೆಯಲಾಗುತ್ತಿತ್ತು. ಅದನ್ನು ಮುಖ್ಯ ಮಾಡದೆ ಹೋದದ್ದು ತನ್ನ ತಪ್ಪು ಎಂದು ಬಾರ್ತ್ ಸ್ವತಃ 1967ರಲ್ಲಿ ಎಬರ್ಹಾರ್ಡ್ ಬೆತ್ಗೆಗೆ ಬರೆದ ಪತ್ರದಲ್ಲಿ ಹೇಳಿಕೊಂಡಿದ್ದಾರೆ. ಜರ್ಮನ್ ದೈವಶಾಸ್ತ್ರಜ್ಞ ಬಾನ್‌ಹೋಫರ್ 1933ರಲ್ಲೇ ಸಭೆ ಇಡಬಹುದಾದ ಮೂರು ಹೆಜ್ಜೆ ಗುರುತಿಸಿದ್ದರು. ರಾಜ್ಯ ಮಾಡುತ್ತಿರುವುದು ರಾಜ್ಯಕ್ಕೆ ತಕ್ಕದ್ದೇ ಎಂದು ಕೇಳುವುದು ಮೊದಲನೆಯದು. ಚಕ್ರದಡಿ ಸಿಕ್ಕಿದವರಿಗೆ, ಅವರು ಕ್ರೈಸ್ತರಲ್ಲದಿದ್ದರೂ, ಆರೈಕೆ ಮಾಡುವುದು ಎರಡನೆಯದು. ಮೂರನೆಯದು ಚಕ್ರಕ್ಕೇ ಅಡ್ಡಗೋಲು ಹಾಕುವುದು. ನೀವು ಆಸ್ಪತ್ರೆಯಲ್ಲಿ ಮಾಡುವ ಸೇವೆ ಎರಡನೆಯದು. ಅದಕ್ಕೆ ಕೈಮುಗಿಯುತ್ತೇನೆ. ಮೊದಲನೆಯದಕ್ಕೂ ಮೂರನೆಯದಕ್ಕೂ ಪ್ರಸಂಗಪೀಠ ಬಾಯಿ ತೆರೆಯಲೇಬಾರದೆಂದರೆ ಇನ್ನೆಲ್ಲಿ?

ದೀಪದ ಬತ್ತಿ:

ವ್ಯಾಟಿಕನ್ನಿನ 1984ರ ಆ ಎಚ್ಚರಿಕೆಯ ಪತ್ರದ ಮಾತು ಬಂದದ್ದರಿಂದ ಒಬ್ಬ ಕಥೋಲಿಕ ಸನ್ಯಾಸಿನಿಯಾಗಿ ಎರಡು ಮಾತು. ಅದೇ ಇಲಾಖೆಯಿಂದ 1986ರಲ್ಲಿ ಎರಡನೆಯ ಪತ್ರ ಬಂತು. ಕ್ರೈಸ್ತ ಸ್ವಾತಂತ್ರ್ಯ, ವಿಮೋಚನೆ, ಬಡವರ ಪರವಾದ ಪ್ರೀತಿ ಇವನ್ನು ಅದು ಎತ್ತಿ ಹಿಡಿಯಿತು. ಹೆಚ್ಚಿನವರು ಮೊದಲನೆಯದನ್ನು ಮಾತ್ರ ಉಲ್ಲೇಖಿಸುತ್ತಾರೆ. ಸರಳ ಸುವಾರ್ತೆಯವರನ್ನು ದೂರುತ್ತಿಲ್ಲ, ನಮ್ಮ ಗುರುಗಳೇ ಹಾಗೆ ಮಾಡುತ್ತಾರೆ.

ಆದರೆ ನಾನು ಬರೆಯಬೇಕೆಂದದ್ದು ಒಂದು ಬಲಿಪೂಜೆಯ, ಅಂದರೆ ನಮ್ಮ ಕಥೋಲಿಕ ಆರಾಧನೆಯ ಬಗ್ಗೆ. 1977ರ ಫೆಬ್ರವರಿಯಲ್ಲಿ ಆಸ್ಕರ್ ರೊಮೆರೊ ಮಧ್ಯ ಅಮೆರಿಕದ ಸಾನ್ ಸಾಲ್ವಡೋರಿನ ಮಹಾಧರ್ಮಾಧ್ಯಕ್ಷರಾದರು. ಪುಸ್ತಕಪ್ರಿಯರು, ಮೃದು, ಸಂಪ್ರದಾಯಸ್ಥರು. ಇವರಿಂದ ತೊಂದರೆಯಿಲ್ಲ ಅಂತ ಸ್ಥಿತಿವಂತರು ನೆಮ್ಮದಿಯಾಗಿದ್ದರು. ಮಾರ್ಚ್ 12ರಂದು ಅವರ ಗೆಳೆಯ, ಯೇಸುಸಭೆಯ ಗುರು ರುತಿಲಿಯೊ ಗ್ರಾಂದೆಯವರನ್ನು ಒಬ್ಬ ಮುದುಕರು ಮತ್ತು ಒಬ್ಬ ಹುಡುಗನ ಜೊತೆ ಗುಂಡಿಟ್ಟು ಕೊಂದರು. ಗ್ರಾಂದೆ ಭೂಮಿಯಿಲ್ಲದ ರೈತರ ನಡುವೆ ಕೆಲಸ ಮಾಡುತ್ತಿದ್ದವರು.

ರೊಮೆರೊ ಆಮೇಲೆ ಮಾಡಿದ್ದು ವಿಚಿತ್ರ. ಮುಂದಿನ ಭಾನುವಾರ ಇಡೀ ಧರ್ಮಪ್ರಾಂತದಲ್ಲಿ ಒಂದೇ ಬಲಿಪೂಜೆ, ಪ್ರಧಾನಾಲಯದಲ್ಲಿ ಮಾತ್ರ, ಉಳಿದವೆಲ್ಲ ರದ್ದು. ಶ್ರೀಮಂತರ ಬಡಾವಣೆಯವರೂ ತಮ್ಮ ಹತ್ತಿರದ ಗುಡಿ ಬಿಟ್ಟು ಅಲ್ಲಿಗೇ ಬರಬೇಕು, ರೈತರ ಪಕ್ಕದಲ್ಲಿ ನಿಲ್ಲಬೇಕು. ಪೋಪರ ರಾಯಭಾರಿಗೆ ಇದು ಹಿಡಿಸಲಿಲ್ಲ. ರೊಮೆರೊ ಸಭೆಯನ್ನು ಒಡೆಯುತ್ತಿದ್ದಾರೆ ಅನ್ನುವ ದೂರು ಅವರ ಬೆನ್ನು ಬಿಡಲೇ ಇಲ್ಲ. ಎಲ್ಲರನ್ನೂ ಒಂದೇ ಬಲಿಪೀಠದ ಮುಂದೆ ಕರೆದವರ ಮೇಲೆ ಒಡಕಿನ ಆರೋಪ!

1980ರ ಮಾರ್ಚ್ 23ರ ಪ್ರಬೋಧನೆಯಲ್ಲಿ ಅವರು ಸೈನಿಕರನ್ನೇ ಉದ್ದೇಶಿಸಿ, ನಿಮ್ಮದೇ ಜನರನ್ನು ಕೊಲ್ಲಬೇಡಿ, ದಮನ ನಿಲ್ಲಿಸಿ ಎಂದರು. ಮರುದಿನ ಸಂಜೆ ಬಲಿಪೂಜೆ ಮಾಡುತ್ತಿರುವಾಗಲೇ ಗುಂಡು ಬಿತ್ತು. 2018ರಲ್ಲಿ ಸಂತರೆಂದು ಘೋಷಿಸಿದರು. ಬದುಕಿದ್ದಾಗ ಅವರಿಗೆ ಸಿಗದ ಐಕ್ಯ ಈಗ ಅವರ ಪಟದ ಮುಂದೆ ಸಿಕ್ಕಿದೆ ಅಂತ ಒಮ್ಮೊಮ್ಮೆ ಅನ್ನಿಸುತ್ತದೆ.

[ಈ ಪ್ರತಿಕ್ರಿಯೆಯನ್ನು ನಿರ್ವಾಹಕರು ತೆಗೆದಿದ್ದಾರೆ]

ನಿರ್ವಾಹಕ:

ಪಕ್ಷಗಳ ಹೆಸರು ಹಿಡಿದು ಬೈಯುವುದು ಬೇಡ. ಈ ಚರ್ಚೆ ಇಷ್ಟು ದೂರ ಜಗಳವಿಲ್ಲದೆ ಬಂದದ್ದೇ ಹೆಚ್ಚು, ದೃಷ್ಟಿ ತಾಗಿಸಬೇಡಿ.

ಅಲೆಮಾರಿ:

'ಮೊದಲು ಹೃದಯ ಬದಲಾಗಲಿ, ಸಮಾಜ ತಾನೇ ಬದಲಾಗುತ್ತದೆ' ಅನ್ನುವವರಿಗೆ ನನ್ನದೊಂದು ಪ್ರಶ್ನೆ ಇದೆ. ಪೂರ್ವ ಆಫ್ರಿಕಾದ ಪ್ರಸಿದ್ಧ ಉಜ್ಜೀವನ, ಅಂದರೆ ಭಕ್ತಿಯ ಹೊಸ ಅಲೆ, 1930ರ ದಶಕದಲ್ಲಿ ಹೊತ್ತಿಕೊಂಡದ್ದು ರುವಾಂಡಾದ ಗಾಹಿನಿಯಲ್ಲಿ. ಜನ ಬಹಿರಂಗವಾಗಿ ಪಾಪ ಒಪ್ಪಿಕೊಂಡು ಅತ್ತರು. ಹೃದಯ ನಿಜವಾಗಿಯೂ ಬದಲಾಗಿರಬೇಕು, ನಾನು ಅದನ್ನು ಅನುಮಾನಿಸುವುದಿಲ್ಲ. 1994ರಲ್ಲಿ ಬಹುಪಾಲು ಕ್ರೈಸ್ತರೇ ಇದ್ದ ಅದೇ ದೇಶದಲ್ಲಿ ಸುಮಾರು ನೂರು ದಿನಗಳಲ್ಲಿ ಲಕ್ಷಗಟ್ಟಲೆ ಟುಟ್ಸಿ ಜನಾಂಗದವರ ಕೊಲೆಯಾಯಿತು. ನ್ಯಾಮಾಟ, ನ್ಟರಾಮ ಇಲ್ಲೆಲ್ಲ ಆಶ್ರಯ ಬೇಡಿ ಬಂದವರನ್ನು ದೇವಾಲಯದೊಳಗೇ ಕೊಂದರು. ಗುರುತಿನ ಚೀಟಿಯಲ್ಲಿ ಜನಾಂಗ ಬರೆಯುವ ಪದ್ಧತಿ ವಸಾಹತು ಕಾಲದಿಂದ ಇತ್ತು, ಅದರ ಬಗ್ಗೆ ಅಷ್ಟು ವರ್ಷ ಪ್ರಸಂಗಪೀಠಗಳು ಏನು ಮಾಡಿದವು? 2017ರಲ್ಲಿ ಪೋಪ್ ಫ್ರಾನ್ಸಿಸ್ ಕ್ಷಮೆ ಬೇಡಿದರು. 23 ವರ್ಷದ ಮೇಲೆ.

ಕಡತ ಅವರ ಕಥೆಗೆ ಇನ್ನೊಂದು ಪುಟ. 1963ರ ಏಪ್ರಿಲ್‌ನಲ್ಲಿ ಅಮೆರಿಕದ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಮಾರ್ಟಿನ್ ಲೂಥರ್ ಕಿಂಗ್ ಬರೆದ ಪತ್ರವನ್ನು ಎಲ್ಲರೂ ಬಲ್ಲರು. ಅದು ಯಾವುದಕ್ಕೆ ಉತ್ತರ ಅನ್ನುವುದು ಅಷ್ಟಾಗಿ ಯಾರಿಗೂ ನೆನಪಿಲ್ಲ. ಎಂಟು ಮಂದಿ ಧಾರ್ಮಿಕ ಮುಖಂಡರು, ಏಳು ಕ್ರೈಸ್ತರು, ಒಬ್ಬ ಯೆಹೂದಿ ರಬ್ಬಿ, ಹೊರಡಿಸಿದ ಹೇಳಿಕೆಗೆ. ಆ ಹೇಳಿಕೆಯ ಹೆಸರು 'ಐಕ್ಯಕ್ಕೆ ಕರೆ'. ಪ್ರತಿಭಟನೆ ಅವಿವೇಕದ್ದು, ಹೊತ್ತಲ್ಲದ ಹೊತ್ತಿನದು ಎಂದಿತ್ತು. ಅವರೇನು ದುಷ್ಟರಲ್ಲ. ಅದೇ ಜನವರಿಯಲ್ಲಿ, ನ್ಯಾಯಾಲಯದ ಆಜ್ಞೆಗಳನ್ನು ಧಿಕ್ಕರಿಸಬೇಡಿ ಎಂದು ಬಿಳಿಯರಿಗೆ ಬುದ್ಧಿ ಹೇಳಿ ಬೈಸಿಕೊಂಡವರು. ನಿಮ್ಮ ಸಮಿತಿಯಂಥ ಒಳ್ಳೆಯ ಜನ.

ಹಿಂದಿನ ಬೆಂಚು:

'ನಿಮ್ಮ ಸಮಿತಿಯಂಥ ಒಳ್ಳೆಯ ಜನ.' ಇದನ್ನು ನುಂಗಲು ಸ್ವಲ್ಪ ಹೊತ್ತು ಬೇಕು. ಓದುತ್ತಿದ್ದೇನೆ, ಮುಂದುವರಿಸಿ.

ಸರಳ ಸುವಾರ್ತೆ:

ಅಲೆಮಾರಿ ಅವರೇ, ರುವಾಂಡಾ ನನ್ನನ್ನೂ ನಿದ್ದೆಗೆಡಿಸಿದೆ. ಅದಕ್ಕೆ ನನ್ನ ಹತ್ತಿರ ಸಿದ್ಧ ಉತ್ತರವಿಲ್ಲ.

ನನ್ನ ಬಳಗದವರೇ, ಅಂದರೆ ಸುವಾರ್ತಾ ಪ್ರಸಾರವೇ ಮೊದಲು ಅನ್ನುವವರೇ, 1974ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಕೂಡಿದ್ದರು. ಲ್ಯಾಟಿನ್ ಅಮೆರಿಕದ ರೆನೆ ಪಡಿಲ್ಲ, ಸಾಮ್ಯುಯೆಲ್ ಎಸ್ಕೊಬಾರ್ ಅಲ್ಲಿ ಎದ್ದು ನಿಂತು ನಮಗೆ ನಾಟುವ ಹಾಗೆ ಮಾತಾಡಿದರು. ಅಲ್ಲಿನ ಒಡಂಬಡಿಕೆಯ 5ನೆಯ ಭಾಗದಲ್ಲಿ ಸುವಾರ್ತೆಯನ್ನೂ ಸಾಮಾಜಿಕ ಹೊಣೆಯನ್ನೂ ಒಂದಕ್ಕೊಂದು ವಿರುದ್ಧವೆಂದು ಎಣಿಸಿದ್ದಕ್ಕೆ ಪಶ್ಚಾತ್ತಾಪವಿದೆ. ಮುಂದಿನ ಮಾತು ಕೂಡ ಅಲ್ಲೇ ಇದೆ: ಮನುಷ್ಯರೊಡನೆ ಸಂಧಾನವಾದರೆ ದೇವರೊಡನೆ ಸಂಧಾನವಾದಂತಲ್ಲ, ರಾಜಕೀಯ ಬಿಡುಗಡೆಯೇ ರಕ್ಷಣೆಯಲ್ಲ. ನಾನು ಎರಡು ವಾಕ್ಯಗಳನ್ನೂ ಒಪ್ಪುತ್ತೇನೆ. ಇಲ್ಲಿ ಹಲವರು ಮೊದಲನೆಯದನ್ನು ಮಾತ್ರ ಒಪ್ಪುತ್ತೀರಿ, ಅದೇ ನನ್ನ ಭಯ.

ಮತ್ತೊಂದು ಕಡೆ, ಅಪೊಸ್ತಲರ ಕೃತ್ಯಗಳು 6. ಗ್ರೀಕ್ ಭಾಷೆಯ ವಿಧವೆಯರಿಗೆ ದಿನದ ಹಂಚಿಕೆಯಲ್ಲಿ ಅನ್ಯಾಯವಾಯಿತು ಅಂತ ಗೊಣಗಾಟ. ಆಗ ಅಪೊಸ್ತಲರು ಏನಂದರು? ನಾವು ವಾಕ್ಯದ ಸೇವೆ ಬಿಟ್ಟು ಉಣಬಡಿಸುವುದು ತಕ್ಕದ್ದಲ್ಲ. ಕೆಲಸಕ್ಕೆ ಏಳು ಜನರನ್ನು ಆರಿಸಿದರು. ಪೀಠ ಬೇರೆ, ಹಂಚಿಕೆ ಬೇರೆ.

ಹೊರಗೆ ನಿಂತವನು:

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ನಾನು ಸಭೆ ಬಿಟ್ಟು ಬಹಳ ವರ್ಷವಾಯಿತು. ನಂಬಿಕೆ ಬಿಟ್ಟೆನೋ ಇಲ್ಲವೋ ನನಗೇ ಗೊತ್ತಿಲ್ಲ.

ಸರಳ ಸುವಾರ್ತೆ ಸರ್, ಆ ಏಳು ಜನರ ಹೆಸರು ಓದಿ ನೋಡಿ. ಸ್ತೆಫನ, ಫಿಲಿಪ್ಪ, ಪ್ರೊಖೊರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರು. ಯಾರು ದೂರಿದರೋ ಅವರ ಕಡೆಯವರ ಕೈಗೇ ಇಡೀ ಹಂಚಿಕೆಯ ಕೀಲಿಕೈ ಕೊಟ್ಟರು. ಒಂದಿಷ್ಟು ಹೆಚ್ಚು ಕೊಟ್ಟು ಸಮಾಧಾನ ಮಾಡಿ ಕಳಿಸಲಿಲ್ಲ. ಗೊಣಗಿದವರಿಗೆ ಐಕ್ಯದ ಉಪದೇಶವನ್ನೂ ಮಾಡಲಿಲ್ಲ. ಆಮೇಲೆ ವಾಕ್ಯ ಹಬ್ಬಿತು ಅಂತ ಲೂಕ ಬರೆಯುತ್ತಾನೆ.

ನಾನಿದ್ದ ಸಭೆಯವರು ನನ್ನನ್ನು ಕೂರಿಸಿ ಕ್ಷಮಿಸು ಅಂದರು. ಎರಡು ಗಂಟೆ. ನನ್ನಿಂದ ಕಿತ್ತುಕೊಂಡದ್ದನ್ನು ಹಿಂದಿರುಗಿಸುವ ಮಾತು ಆ ಎರಡು ಗಂಟೆಯಲ್ಲಿ ಒಮ್ಮೆಯೂ ಬರಲಿಲ್ಲ. ಸುಂಕ ವಸೂಲಿಗಾರ ಜಕ್ಕಾಯನ ಮನೆಗೆ ರಕ್ಷಣೆ ಬಂದ ಪಾಠವನ್ನು ಅವರೇ ನನಗೆ ಭಾನುವಾರದ ಶಾಲೆಯಲ್ಲಿ ಕಲಿಸಿದ್ದರು. ನಾಲ್ಕರಷ್ಟು ಹಿಂದೆ ಕೊಡುತ್ತೇನೆ ಅಂದಮೇಲೆ ಅಲ್ಲವೇ ಯೇಸು ಆ ಮಾತು ಹೇಳಿದ್ದು?

1985ರಲ್ಲಿ ದಕ್ಷಿಣ ಆಫ್ರಿಕಾದ ದೈವಶಾಸ್ತ್ರಜ್ಞರು ಹೊರಡಿಸಿದ ಕೈರೋಸ್ ದಸ್ತಾವೇಜು ಓದಿದಾಗ ಯಾರೋ ನನ್ನ ಎದೆಯೊಳಗೆ ಕೂತು ಬರೆದ ಹಾಗಿತ್ತು. ರಾಜ್ಯದ ದೈವಶಾಸ್ತ್ರವನ್ನು ಅವರು ಬೈದದ್ದು ದೊಡ್ಡದಲ್ಲ. 'ಸಭೆಯ ದೈವಶಾಸ್ತ್ರ' ಅಂತ ಇನ್ನೊಂದನ್ನು ಹೆಸರಿಸಿದರು ನೋಡಿ, ಅದು ದೊಡ್ಡದು. ಒಳ್ಳೆಯ ಮನಸ್ಸಿನದೇ, ಅನ್ಯಾಯಕ್ಕೂ ಅನ್ಯಾಯವಾದವನಿಗೂ ನಡುವೆ ನಿಂತು ಇಬ್ಬರೂ ಕೈಕುಲುಕಿ ಅನ್ನುವಂಥದ್ದು. ವರ್ಣಭೇದ ಕಾಲದ ಅಪರಾಧಗಳ ಸತ್ಯ ಆಯೋಗ 1996ರಲ್ಲಿ ಮಹಾಧರ್ಮಾಧ್ಯಕ್ಷ ಟುಟು ಅವರ ಅಧ್ಯಕ್ಷತೆಯಲ್ಲಿ ವಿಚಾರಣೆ ಶುರುಮಾಡಿತು. ಮಾಡಿದ್ದನ್ನು ಪೂರ್ತಿ ಬಾಯಿಬಿಟ್ಟವರಲ್ಲಿ ಕೆಲವರಿಗೆ ಕ್ಷಮಾದಾನ ಸಿಕ್ಕಿತು. ನೊಂದವರಿಗೆ ಪರಿಹಾರ? ಆಯೋಗ ಕೇಳಿದ್ದಕ್ಕಿಂತ ಎಷ್ಟೋ ಕಡಿಮೆ, ತಲಾ 30,000 ರ‍್ಯಾಂಡ್, ಅದೂ 2003ರಲ್ಲಿ ಘೋಷಣೆಯಾಯಿತು. ಟುಟು ಮೇಲೆ ನನಗೆ ಅಪಾರ ಗೌರವ. ಲೆಕ್ಕ ಮಾತ್ರ ಸರಿಹೋಗಲಿಲ್ಲ.

ದೀಪದ ಬತ್ತಿ:

ತಮ್ಮಾ, ಕ್ಷಮಿಸು ಅಂತ ನಾನು ಹೇಳುವುದಿಲ್ಲ. ಓದಿದೆ, ಅಷ್ಟೇ.

ಹೊರಗೆ ನಿಂತವನು:

ಸಾಕು ಸಿಸ್ಟರ್.

ಮೂಲಭಾಷೆ:

ಹೊರಗೆ ನಿಂತವರು ಹೇಳಿದ್ದಕ್ಕೆ ಹೊಂದುವ ಒಂದು ವಿಷಯ. ಬೈಬಲನ್ನು ಯಾರು ಎಲ್ಲಿ ನಿಂತು ಓದುತ್ತಾರೆ ಅನ್ನುವುದು ಹಳೆಯ ಪ್ರಶ್ನೆ. 1807ರಲ್ಲಿ ಲಂಡನ್ನಿನಲ್ಲಿ ವೆಸ್ಟ್ ಇಂಡೀಸಿನ ಗುಲಾಮರಿಗಾಗಿ ಆಯ್ದ ಭಾಗಗಳ ಬೈಬಲ್ ಒಂದು ಅಚ್ಚಾಯಿತು. ಹಳೆಯ ಒಡಂಬಡಿಕೆಯ ಬಹುಭಾಗ ಅದರಲ್ಲಿಲ್ಲ. ಇಸ್ರಾಯೇಲ್ಯರು ಐಗುಪ್ತದಿಂದ ಬಿಡುಗಡೆಯಾದ ಕಥೆ ಇಲ್ಲ. ದಾಸನೂ ಸ್ವತಂತ್ರನೂ ಕ್ರಿಸ್ತನಲ್ಲಿ ಒಂದೇ ಎನ್ನುವ ಗಲಾತ್ಯ 3:28 ಇಲ್ಲ. ಕತ್ತರಿ ಹಿಡಿದವರಿಗೆ ಬೈಬಲಿನ ಅರ್ಥ ನಮಗಿಂತ ಚೆನ್ನಾಗಿ ಗೊತ್ತಿತ್ತು. 1969ರಲ್ಲಿ ಜೇಮ್ಸ್ ಕೋನ್ ಕಪ್ಪು ದೈವಶಾಸ್ತ್ರವನ್ನು ಮುಂದಿಟ್ಟದ್ದು, 1971ರಲ್ಲಿ ಗುಸ್ತಾವೊ ಗುಟಿಯೆರಸ್ ವಿಮೋಚನೆಯ ದೈವಶಾಸ್ತ್ರ ಬರೆದದ್ದು, 1981ರಲ್ಲಿ ಅರವಿಂದ ನಿರ್ಮಲ್ ದಲಿತ ದೈವಶಾಸ್ತ್ರಕ್ಕೆ ದನಿ ಕೊಟ್ಟದ್ದು, ಎಲ್ಲ ಆ ಕತ್ತರಿಸಿದ ಪುಟಗಳನ್ನು ಮತ್ತೆ ಹೊಲಿಯುವ ಕೆಲಸ ಅಂತಲೇ ನನಗೆ ಕಾಣುವುದು. ನಿರ್ಮಲ್ ಹಿಡಿದುಕೊಂಡದ್ದು ಧರ್ಮೋಪದೇಶಕಾಂಡ 26, ಅಲೆಮಾರಿ ಅರಾಮ್ಯ ತಂದೆಯ ನೆನಪು. ನಾವು ಯಾರೂ ಅಲ್ಲದವರಾಗಿದ್ದೆವು ಅನ್ನುವುದರಿಂದ ಶುರುವಾಗುವ ವಿಶ್ವಾಸಪ್ರಮಾಣ.

ಇನ್ನು 'ಸುವಾರ್ತೆ ಬೇರೆ, ಇದು ಬೇರೆ' ಅನ್ನುವುದಕ್ಕೆ ಗಲಾತ್ಯ 2 ನೋಡಿ. ಅಂತಿಯೋಕ್ಯದಲ್ಲಿ ಪೇತ್ರ ಅನ್ಯಜನರ ಜೊತೆ ಕೂತು ಉಣ್ಣುತ್ತಿದ್ದ. ಯಾಕೋಬನ ಕಡೆಯಿಂದ ಕೆಲವರು ಬಂದರು. ಪೇತ್ರ ಮೆಲ್ಲಗೆ ಬೇರೆ ಪಂಕ್ತಿಗೆ ಸರಿದ. ಒಂದು ಮಾತೂ ಆಡಲಿಲ್ಲ, ಒಂದು ತತ್ವವನ್ನೂ ಅಲ್ಲಗಳೆಯಲಿಲ್ಲ. ಪೌಲ ಎಲ್ಲರ ಮುಂದೆ ಅವನನ್ನು ಎದುರಿಸಿ, ಇದು ಸುವಾರ್ತೆಯ ಸತ್ಯಕ್ಕೆ ಸರಿಯಾಗಿ ನಡೆದದ್ದಲ್ಲ ಅಂದ. ಅವತ್ತು ಅಂತಿಯೋಕ್ಯದ ಸಭೆಯಲ್ಲಿ ಐಕ್ಯ ಕೆಡಿಸಿದವರು ಯಾರು ಅಂತ ಅಲ್ಲಿದ್ದವರನ್ನು ಕೇಳಿದ್ದರೆ ಹೆಚ್ಚಿನವರು ಪೌಲನ ಕಡೆಗೇ ಬೆರಳು ತೋರಿಸುತ್ತಿದ್ದರು.

ಸರಳ ಸುವಾರ್ತೆ:

ಏಳು ಹೆಸರುಗಳ ವಿಷಯ ಎಷ್ಟೋ ಸಲ ಬೋಧಿಸಿದ್ದೇನೆ, ಎಲ್ಲವೂ ಗ್ರೀಕ್ ಅನ್ನುವುದು ಕಣ್ಣಿಗೆ ಬಿದ್ದಿರಲಿಲ್ಲ. ಒಪ್ಪಿಕೊಳ್ಳುತ್ತೇನೆ. ಗಲಾತ್ಯವೂ ನನಗೆ ವಿರುದ್ಧವಾಗಿದೆ.

ಆದರೂ ಒಂದನ್ನು ಬಿಟ್ಟುಕೊಡುವುದಿಲ್ಲ. ಈಗ ಎರಡೂ ಕಡೆಯವರು ತಮ್ಮ ತಮ್ಮ ಪಾಪಗಳ ಪಟ್ಟಿ ಇಟ್ಟುಕೊಂಡಿದ್ದಾರೆ. ಒಂದು ಕಡೆಯ ಪೀಠದಿಂದ ಗರ್ಭದಲ್ಲಿರುವ ಶಿಶುವಿನ ಮಾತು ಕೇಳುತ್ತದೆ, ಗಡಿಯಲ್ಲಿ ನಿಂತ ಮಗುವಿನದು ಕೇಳುವುದಿಲ್ಲ. ಇನ್ನೊಂದು ಕಡೆ ಅದಲುಬದಲು. ಮೊಬೈಲು ದಿನವಿಡೀ ಹೇಳಿದ್ದನ್ನೇ ಭಾನುವಾರ ಬೈಬಲಿನ ವಚನ ಹಾಕಿ ಮತ್ತೆ ಹೇಳುವುದು. ಆಮೋಸನ ಎಂಟನೆಯ ಹೆಸರಿಗೆ ಯಾರೂ ಬರುವುದೇ ಇಲ್ಲ, ಆರರಲ್ಲೇ ಆಮೆನ್ ಹೇಳಿ ಮುಗಿಸುತ್ತಾರೆ. ಆ ತರುಣರು ಎಂಟಕ್ಕೆ ಬಂದರೋ, ಅಥವಾ ತಮಗೆ ಹಿಡಿಸದವರನ್ನು ಮಾತ್ರ ಬೈದರೋ?

ಹಿಂದಿನ ಬೆಂಚು:

ಎಂಟಕ್ಕೆ ಬಂದರು. ಮನೆಗೆಲಸದವರ ಬಗ್ಗೆ ಹೇಳುವಾಗ ಮೊದಲು ಹೇಳಿದ್ದು ತಮ್ಮ ಮನೆಯಲ್ಲಿ ತಾವೇ ನಡೆದುಕೊಂಡ ರೀತಿಯನ್ನು. ಇದನ್ನು ಮೊದಲ ಬರಹದಲ್ಲಿ ಬರೆಯಬೇಕಿತ್ತು, ಬಿಟ್ಟುಬಿಟ್ಟೆ. ಯಾಕೆ ಬಿಟ್ಟೆ ಅಂತ ಈಗ ಯೋಚಿಸುತ್ತಿದ್ದೇನೆ.

ಹೊರಗೆ ನಿಂತವನು:

ಒಂದೇ ಪ್ರಶ್ನೆ. ಆ ಸಂಜೆ ಸಮಿತಿಯಲ್ಲಿ ಕೂಲಿಯವರು, ಮನೆಗೆಲಸದವರು, ವಲಸೆ ಬಂದವರು ಎಷ್ಟು ಜನ ಇದ್ದರು?

ಹಿಂದಿನ ಬೆಂಚು:

ಒಬ್ಬರೂ ಇಲ್ಲ. ಸಭೆಯಲ್ಲಿ ಇದ್ದಾರೆ. ಹಿಂದೆ ಕೂರುತ್ತಾರೆ, ನನ್ನ ಅಕ್ಕಪಕ್ಕದಲ್ಲೇ. ಎದ್ದು ಹೋದ ಎರಡು ಮನೆಯವರಿಗೆ ಎಷ್ಟು ನೋವಾಯಿತು ಅಂತ ನಾವು ಮನೆಗೇ ಹೋಗಿ ವಿಚಾರಿಸಿಕೊಂಡು ಬಂದೆವು. ಇವರನ್ನು ಯಾರೂ ಏನೂ ಕೇಳಲಿಲ್ಲ.

ನಿನ್ನೆ ರಾತ್ರಿ ನಿರ್ಣಯದ ಪುಸ್ತಕ ತೆಗೆದು ನೋಡಿದೆ. ನಾನು ಬರೆದದ್ದು ಹೀಗಿದೆ: 'ಪ್ರವಾದಿಗಳ ಬೋಧನೆ ದೇವರ ವಾಕ್ಯವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಕೆಲವರ ಮನಸ್ಸಿಗೆ ನೋವಾಗಿರುವುದರಿಂದ...' ಕಡತ ಅವರು 1857ರದ್ದನ್ನು ಬರೆದ ದಿನವೇ ನನಗೆ ಇದು ಎಲ್ಲೋ ಓದಿದ ಹಾಗಿದೆ ಅನ್ನಿಸಿತ್ತು.

ಇವತ್ತು ಆ ತರುಣರಿಗೆ ಫೋನ್ ಮಾಡಿದೆ. ಚೆನ್ನಾಗಿ ಮಾತಾಡಿದರು, ಅದೇ ಕಷ್ಟವಾಯಿತು. ಐದನೆಯ ಪ್ರಸಂಗವೂ ತಯಾರಾಗಿತ್ತಂತೆ, ಅಮಚ್ಯನ ಮೇಲೆ. ಬರೆದದ್ದು ಇನ್ನೂ ಇದೆಯಂತೆ. ಕಳಿಸಿಕೊಡಿ ಅಂದೆ. 'ನಿಮಗೋ, ಸಮಿತಿಗೋ?' ಅಂದರು.

ಅಲೆಮಾರಿ:

ನೀವೇನಂದಿರಿ?

ಹಿಂದಿನ ಬೆಂಚು:

ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಸಮಿತಿಗೆ ಅಂದೆ. ಮುಂದಿನ ಕಾರ್ಯಸೂಚಿಯಲ್ಲಿ ಸೇರಿಸಿದ್ದೇನೆ, ಕೊನೆಯ ವಿಷಯವಾಗಿ ಹಾಕಿದ್ದೆ, ಮೊದಲಿಗೆ ತಂದೆ. ಹಿಂದೆ ಕೂರುವ ಇಬ್ಬರನ್ನು ಬರಲು ಕೇಳಿದ್ದೇನೆ. ಒಬ್ಬರು ಆ ಹೊತ್ತಿಗೆ ಕೆಲಸದಿಂದ ಬಿಡುವುದಿಲ್ಲ ಅಂದರು, ಹಾಗಾಗಿ ಹೊತ್ತನ್ನೇ ಬದಲಿಸಬೇಕು. ಅದಕ್ಕೇ ಈಗ ತಕರಾರು ಶುರುವಾಗಿದೆ.

ಸರಳ ಸುವಾರ್ತೆ:

ಹೊತ್ತು ಬದಲಿಸಿ ಬ್ರದರ್. ಪ್ರಾರ್ಥನೆಯಲ್ಲಿರುತ್ತೇನೆ. ಆ ಐದನೆಯ ಪ್ರಸಂಗ ಬಂದರೆ ನನಗೂ ಒಂದು ಪ್ರತಿ ಕಳಿಸಿ. ತಪ್ಪಿದ್ದರೆ ಹೇಳುತ್ತೇನೆ.